ಕತ್ತರಿಯಿಲ್ಲದ ಜವಳ

ನನ್ನ ಮಗಳ ಜವಳ ಎರಡು ಸಲ ಮುಂದಕ್ಕೆ ಹೋಗಿತ್ತು. ಹುಟ್ಟುಗೂದಲನ್ನು ಮನೆದೇವರಿಗೆ ಕೊಡುವುದು ನಮ್ಮಲ್ಲಿ ಒಂದು, ಮೂರು, ಇಲ್ಲವೇ ಐದನೇ ವರ್ಷದಲ್ಲಿ. ಮೊದಲ ವರ್ಷ ನನ್ನ ಮಾವನವರು ತೀರಿಕೊಂಡರು. ಮೂರನೆಯದರಲ್ಲಿ ನನ್ನ ತಮ್ಮನಿಗೆ ರಜೆ ಸಿಗಲಿಲ್ಲ. ಸೋದರಮಾವನ ತೊಡೆಯಿಲ್ಲದೆ ಜವಳ ಹೇಗೆ? ಐದಕ್ಕೆ ಮಾಡಿದರಾಯಿತು ಎಂದುಕೊಂಡೆವು. ಕತ್ತರಿ ಸೋಕದ ಆ ಕೂದಲಿಗೆ ದಿನಾ ಎರಡು ಜಡೆ ಹೆಣೆದು, ಬೈದು, ಬೈಸಿಕೊಂಡು ನಾನು ತಂಬ್ರಹಳ್ಳಿಯ ಶಾಲೆಗೆ ಪಾಠ ಮಾಡಲು ಓಡುತ್ತಿದ್ದೆ.

ಐದು ನಡೆಯುವಾಗ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರ ಬರೆದು ವಿವರಿಸಿದರು. ನಾನು ವಿಜ್ಞಾನದ ಟೀಚರು, ಬಿಳಿ ರಕ್ತಕಣದ ಪಾಠವನ್ನು ಕಣ್ಣು ಮುಚ್ಚಿ ಮಾಡಬಲ್ಲೆ. ಆವತ್ತು ಎಲ್ಲಕ್ಕೂ ತಲೆಯಾಡಿಸಿ ಹೊರಗೆ ಬಂದೆ. ಡಾಕ್ಟರು ಏನಂದರು ಎಂದು ಗಂಡ ಕೇಳಿದರೆ ಒಂದಕ್ಷರ ನೆನಪಿರಲಿಲ್ಲ.

ಔಷಧಿ ಶುರುವಾಗಿ ಕೆಲವು ವಾರಕ್ಕೆ ದಿಂಬಿನ ಮೇಲೆ ಕೂದಲು ಕಾಣಿಸಿತು. ಫೋನಿನಲ್ಲಿ ಹೇಳಿದ್ದೇ ತಡ, ಗುಡೇಕೋಟೆಯಿಂದ ಅತ್ತೆ ಬಂದಿಳಿದರು. ದೇವರ ಕೂದಲು ನೆಲಕ್ಕೆ ಬೀಳಬಾರದು, ಪೂರ್ತಿ ಉದುರುವುದರೊಳಗೆ ಒಂದು ದಿನ ಊರಿಗೆ ಕರೆದುಕೊಂಡು ಹೋಗಿ ಜವಳ ತೆಗೆಸೋಣ ಎಂಬುದು ಅವರ ಮಾತು. ತಡ ಮಾಡಿದ್ದಕ್ಕೇ ಹೀಗಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಡಾಕ್ಟರನ್ನು ಕೇಳಿದೆ. ಕತ್ತಿ, ಕತ್ತರಿ ಏನೂ ತಲೆಗೆ ತಾಗಬಾರದು, ಸಣ್ಣ ಗಾಯವಾದರೂ ರಕ್ತ ನಿಲ್ಲುವುದು ಕಷ್ಟ, ನಂಜಾಗುತ್ತದೆ, ಊರಿಗಂತೂ ಬೇಡವೇ ಬೇಡ ಎಂದರು. ಸರಿಯಾಗಿಯೇ ಹೇಳಿದರು. ನಾನೂ ಅದನ್ನೇ ಅತ್ತೆಗೆ ಒಪ್ಪಿಸಿದೆ. ಆದರೆ ಬೆಳಿಗ್ಗೆ ಕಸ ಗುಡಿಸುವವರು ಬರುವ ಮುಂಚೆ ಮಂಚದ ಕೆಳಗೆ ಬಗ್ಗಿ ಒಂದೊಂದೇ ಕೂದಲು ಆರಿಸುತ್ತಿದ್ದವಳು ನಾನೇ. ಯಾಕೆ ಆರಿಸುತ್ತಿದ್ದೆನೋ, ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು. ಅವರು ಎದ್ದು ಆಚೆ ಹೋದರೆ ಧೈರ್ಯವೂ ಹೋಗುತ್ತಿತ್ತು.

ದಾರಿ ಹುಡುಕಿದ್ದು ನನ್ನ ತಮ್ಮ. ಹರಪನಹಳ್ಳಿಯಿಂದ ಬಂದವನು ಕೈ ತೊಳೆದು, ಮಾಸ್ಕ್ ಹಾಕಿಕೊಂಡು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕತ್ತರಿ ಬೇಡ, ಕೈಯೇ ಸಾಕು ಅಂದ. ಅತ್ತೆ ಸೆರಗು ಒಡ್ಡಿದರು. ಅವನು ಮೆಲ್ಲಗೆ ತಲೆ ಸವರಿದ ಹಾಗೆಲ್ಲ ಕೂದಲು ಬೆರಳಿಗೇ ಬಂತು. ಎಳೆಯಬೇಕಾಗಿಯೇ ಇರಲಿಲ್ಲ. ಮಗಳು ಕಚಗುಳಿಯಾಗಿ ನಕ್ಕಳು. ತಮ್ಮ ಮಾತ್ರ ಮುಖ ಆಚೆ ತಿರುಗಿಸಿಕೊಂಡಿದ್ದ. ಅಳಬೇಕೋ ನಗಬೇಕೋ ತಿಳಿಯದೆ ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ, ಜವಳದಲ್ಲಿ ಎಲ್ಲರೂ ತೆಗೆಯುತ್ತಾರಲ್ಲ.

ಮುಗಿದ ಮೇಲೆ ಅತ್ತೆ ಮೊಮ್ಮಗಳನ್ನು ಮುದ್ದಿಡಲಿಲ್ಲ. ಆಸ್ಪತ್ರೆ ಅಷ್ಟು ಕಲಿಸಿತ್ತು. ದೂರದಿಂದಲೇ ಲಟಿಕೆ ಮುರಿದು, "ಇನ್ನ ಎಲ್ಲಾ ಆರಾಮಾಗ್ತೈತಿ ನೋಡು" ಅಂದರು. ಕೂದಲನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ತಮ್ಮ ಚಹಾ ತರುತ್ತೇನೆಂದು ಕೆಳಗಿಳಿದ.

ಮರುದಿನ ಅವಳ ಬೆನ್ನಿಗೆ ಸೂಜಿ ಹಾಕಿ ಔಷಧಿ ಕೊಡುವುದಿತ್ತು. ಹಿಂದಿನ ಸಲ ಒಳಗೆ ಕರೆದೊಯ್ಯುವಾಗ ಅವಳು ನನ್ನ ಸೀರೆಯನ್ನು ಬಿಟ್ಟಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೂತಿದ್ದಳೆಂದು ಕಾಣುತ್ತದೆ.

"ಜವಳ ಆತಲ್ಲವ್ವಾ. ನಾಳಿ ಸೂಜಿ ಹಾಕಂಗಿಲ್ಲ, ಹೌದಿಲ್ಲೋ?"

ಹಾಕುತ್ತಾರೆ ಎಂದೆ. ಸೂಜಿಯ ವಿಷಯದಲ್ಲಿ ಮಾತ್ರ ಅವಳಿಗೆ ಸುಳ್ಳು ಹೇಳಬಾರದು ಎಂದು ನಾನೂ ಗಂಡನೂ ಮಾತಾಡಿಕೊಂಡಿದ್ದೆವು.

ಅವಳು ತಲೆ ಮುಟ್ಟಿ ನೋಡಿಕೊಂಡಳು. "ಅಜ್ಜಿ ಆರಾಮಾಗ್ತೈತಿ ಅಂದ್ಲು. ನಾನು ಆರಾಮಾಗ್ತೀನೋ ಇಲ್ಲೋ?"

"ನಂಗೂ ಗೊತ್ತಿಲ್ಲವ್ವಾ" ಅಂದೆ. ಅದುವರೆಗೆ ಗಂಡನ ಮುಂದೆಯೂ ಹೇಳದ ಮಾತು ಆ ಮಗುವಿನ ಮುಂದೆ ಬಾಯಿಗೆ ಬಂತು.

ಅವಳು ಅಳಲಿಲ್ಲ. "ಹಂಗಾರ ಕೇಳ್ಕೊಂಡು ಬಾ" ಅಂದಳು.

ಎದ್ದು ಬಾಗಿಲ ತನಕ ಹೋದೆ. ಎಡಕ್ಕೆ ಡಾಕ್ಟರ ಕೋಣೆ. ಬಲಕ್ಕೆ ಬೆಂಚು, ಅದರ ಮೇಲೆ ಅತ್ತೆ. ಯಾರ ಕಡೆ ಹೋಗಬೇಕೋ ತಿಳಿಯದೆ ಅಲ್ಲೇ ನಿಂತೆ. ಹಿಂದಿನಿಂದ ಮಗಳು ನೋಡುತ್ತಲೇ ಇದ್ದಳು.