ಅಕ್ಕಾತಾಯಿಯ ಹದಿನೆಂಟು ಯಳಗ ಕುರಿಗಳು

ಕೊರೊನಾ ಮುಗಿದ ಮರುವರ್ಷ ನಾನು ಕಾಗವಾಡ ತಾಲೂಕಿನ ಒಂದು ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹನ್ನೊಂದು ಹಳ್ಳಿಗಳು ನನ್ನ ವ್ಯಾಪ್ತಿಗೆ ಬರುತ್ತಿದ್ದವು, ಕೈಕೆಳಗಿನ ಎರಡು ಹುದ್ದೆಗಳೂ ಖಾಲಿ. ಚುಚ್ಚುವವನೂ ನಾನೇ, ಚೀಟಿ ಬರೆಯುವವನೂ ನಾನೇ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದಕ್ಕೆ ಕೆಲಸದ ಒತ್ತಡವೇ ಕಾರಣ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಅದನ್ನು ಒಂದು ದಿನವೂ ನಂಬಲಿಲ್ಲ.

ಮಂಗಸೂಳಿ ರಸ್ತೆಯ ಬದಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಅಕ್ಕಾತಾಯಿ ಎಂಬ ಹೆಣ್ಣುಮಗಳ ಕುರಿದೊಡ್ಡಿ ಇತ್ತು. ಗಂಡ ತೀರಿಕೊಂಡ ಮೇಲೆ ಎರಡು ಕುರಿಗಳನ್ನು ಹೊಡೆದುಕೊಂಡು ತವರಿಗೆ ಬಂದವಳು ಅವಳು. ಅಣ್ಣ ಬಾಬು ತನ್ನ ಹೊಲದ ಮೂಲೆಯಲ್ಲಿ ಜಾಗ ಕೊಟ್ಟಿದ್ದ. ಆರು ವರ್ಷಗಳಲ್ಲಿ ಎರಡು ಕುರಿ ಹದಿನೆಂಟಾಗಿದ್ದವು, ಜೊತೆಗೆ ಎರಡು ಆಡು.

ಈ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಉಣ್ಣೆಯ ದಖನಿ ಕುರಿ. ಅವಳದು ಬಾಗಲಕೋಟೆ ಕಡೆಯ ಯಳಗ. ಇವಕ್ಕೆ ಮೈಮೇಲೆ ಉಣ್ಣೆ ಇರುವುದಿಲ್ಲ, ಆಡಿಗಿರುವಂಥ ಗಿಡ್ಡ ಕೂದಲು ಇರುತ್ತದೆ. ಕತ್ತರಿಸುವ ಗೋಜಿಲ್ಲ, ಮಳೆಯಲ್ಲಿ ನೆನೆದರೂ ಬೇಗ ಆರುತ್ತದೆ. ಒಂಟಿ ಹೆಣ್ಣುಮಗಳು ಇನ್ನೊಬ್ಬರ ಕೈ ಕಾಯದೆ ಸಾಕಬಹುದಾದ ಕುರಿ ಅಂದರೆ ಇದೇ. ಒಮ್ಮೆ ಊರನಾಯಿಗಳು ನುಗ್ಗಿ ಮೂರು ಮರಿಗಳನ್ನು ಹರಿದುಹಾಕಿದ ಮೇಲೆ ಅವಳು ಮೇಯಿಸಲು ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದಳು. ಕಿತ್ತುಹಾಕಿದ ಹಳೆಯ ದ್ರಾಕ್ಷಿ ಮಂಟಪದ ಕಬ್ಬಿಣದ ಆ್ಯಂಗಲ್ ಮತ್ತು ತಂತಿ ತಂದು, ಸುತ್ತಲೂ ಮೇಲೂ ಬಲೆ ಬಿಗಿದು, ಬೆಕ್ಕು ಕೂಡ ನುಸುಳದ ದೊಡ್ಡಿ ಕಟ್ಟಿದ್ದಳು. ನೀರಿನ ತೊಟ್ಟಿಯನ್ನು ದಿನಕ್ಕೆ ಎರಡು ಸಲ ತೊಳೆಯುತ್ತಿದ್ದಳು. ಅಷ್ಟು ಸ್ವಚ್ಛವಾದ ದೊಡ್ಡಿಯನ್ನು ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಮತ್ತೊಂದು ಕಡೆ ಕಂಡಿಲ್ಲ.

ನವೆಂಬರ್‌ನಲ್ಲಿ ಪಿ.ಪಿ.ಆರ್. ಲಸಿಕೆ ಹಾಕಲು ಹೋದೆ. ಪಿ.ಪಿ.ಆರ್. ಅಂದರೆ ಕುರಿ ಆಡುಗಳಿಗೆ ಬರುವ ಒಂದು ವೈರಸ್ ರೋಗ, ಹಿಂಡಿಗೆ ಹಿಂಡನ್ನೇ ಒಯ್ಯುತ್ತದೆ. ಸದಾ ದೊಡ್ಡಿಯೊಳಗೇ ಇರುವ ಕುರಿಗಳು ಹೊರಗಿನವನನ್ನು ಕಂಡು ಬೆದರಿ ದೊಡ್ಡಿಯ ತುಂಬ ಓಡಿದವು. ಒಂದೊಂದನ್ನೂ ಬೆನ್ನಟ್ಟಿ, ಕಾಲು ಹಿಡಿದು ಎಳೆದು, ಮೊಣಕಾಲಲ್ಲಿ ಒತ್ತಿ ಚುಚ್ಚಿದೆ. ಮೂರನೆಯ ದಿನ ಅಕ್ಕಾತಾಯಿ ಫೋನ್ ಮಾಡಿದಳು. ಎರಡು ಕುರಿ ಸತ್ತಿದ್ದವು.

ಹೋಗಿ ನೋಡಿದೆ. ಕಣ್ಣು ಅರಿಸಿನದಂತೆ ಹಳದಿ. ಸಾಯುವ ಮುಂಚೆ ಮೂತ್ರ ಕೆಂಪಗೆ, ಕಾಫಿ ಬಣ್ಣದಲ್ಲಿ ಹೋಗಿತ್ತಂತೆ. ಕೊಯ್ದು ನೋಡಿದರೆ ಮೂತ್ರಪಿಂಡಗಳು ನೀಲಿಗಪ್ಪಾಗಿದ್ದವು. ಕಾಮಾಲೆ ಮತ್ತು ಕೆಂಪು ಮೂತ್ರ ಜೊತೆಯಾಗಿ ಕಂಡರೆ ನಮ್ಮ ಕಡೆಯ ಯಾವ ವೈದ್ಯನ ತಲೆಗೂ ಮೊದಲು ಹೊಳೆಯುವುದು ಉಣುಗಿನ ಜ್ವರ, ಅಂದರೆ ಮೈಗೆ ಅಂಟುವ ಉಣುಗುಗಳಿಂದ ರಕ್ತಕ್ಕೆ ಸೇರುವ ಪರೋಪಜೀವಿಯ ರೋಗ. ನನಗೂ ಅದೇ ಹೊಳೆಯಿತು. ದೊಡ್ಡಿಯಲ್ಲಿ ಹುಡುಕಿದರೂ ಒಂದು ಉಣುಗು ಸಿಗಲಿಲ್ಲ. ಆಗಲೇ ನಾನು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಕುರಿಗಳಿಗೆ ಶಕ್ತಿ ಬರಲಿ ಎಂದು ಆಸ್ಪತ್ರೆಯಲ್ಲಿದ್ದ ಖನಿಜ ಮಿಶ್ರಣದ ಐದು ಪಾಕೀಟು ಕೊಟ್ಟು, ದಿನವೂ ಹೊಟ್ಟಿನಲ್ಲಿ ಕಲಸಿ ಹಾಕಲು ಹೇಳಿದೆ.

ಒಂದು ವಾರದ ನಂತರ ಉಳಿದ ಹದಿನಾರಕ್ಕೂ ಉಣುಗಿನ ಜ್ವರದ ಇಂಜೆಕ್ಷನ್ ಕೊಟ್ಟೆ. ಮತ್ತೆ ಅದೇ ಬೆನ್ನಟ್ಟುವಿಕೆ, ಅದೇ ಒತ್ತಾಟ. ಎರಡು ದಿನದಲ್ಲಿ ಮತ್ತೆರಡು ಸತ್ತವು. ಪ್ರಯೋಗಾಲಯದ ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಮಾದರಿ ಕೆಟ್ಟಿದೆ, ಪರೀಕ್ಷೆಗೆ ಯೋಗ್ಯವಿಲ್ಲ ಎಂದು ಒಂದು ಸಾಲು ಬರೆದಿದ್ದರು. ತಲೆ ಕೆಟ್ಟುಹೋಯಿತು. ಆ ಸಿಟ್ಟಿನಲ್ಲೇ, ಇನ್ನು ಉಣುಗಿನ ಬೇರನ್ನೇ ಕಿತ್ತುಬಿಡುತ್ತೇನೆ ಎಂದು ಡಿಸೆಂಬರ್‌ನ ಚಳಿಯಲ್ಲಿ ಹದಿನಾಲ್ಕು ಕುರಿಗಳನ್ನೂ ಹಿಡಿದು ಔಷಧದ ನೀರಿನಲ್ಲಿ ಮೀಯಿಸಿದೆ. ಮರುದಿನದಿಂದ ಮೂರು ದಿನ, ದಿನಕ್ಕೊಂದರಂತೆ ಮೂರು ಹೋದವು.

ಹನ್ನೊಂದು ಉಳಿದವು. ಮೂರನೆಯದನ್ನು ಹೂಳಿ ಕೈ ತೊಳೆಯುತ್ತಿದ್ದಾಗ ಅಕ್ಕಾತಾಯಿ ನಿಧಾನವಾಗಿ ಮಾತು ತೆಗೆದಳು.

"ಸಿಟ್ಟಾಗಬ್ಯಾಡ್ರಿ ಡಾಕ್ಟರ್ರ. ನೀವ್ ಬಂದು ಹೋದ ಮ್ಯಾಲೇನ ಸಾಯಾಕತ್ತಾವ್ರಿ. ನೀವ್ ಬರಲಾರದ ದಿನ ಒಂದೂ ಸತ್ತಿಲ್ಲ."

ಮೈಯೆಲ್ಲ ಉರಿದುಹೋಯಿತು. ಸರಕಾರಿ ಡಾಕ್ಟರನ ಕೈಗುಣ ಸರಿಯಿಲ್ಲ ಎಂದು ಊರವರು ಆಡಿಕೊಳ್ಳುವುದನ್ನು ಆಗಾಗ ಕೇಳಿದ್ದೆ. ಇವಳೂ ಅದನ್ನೇ ಹೇಳುತ್ತಿದ್ದಾಳೆ ಎನ್ನಿಸಿತು.

"ಹಂಗಾರ ನಾ ಇನ್ನ ಬರಾಂಗಿಲ್ಲವಾ. ಯಾರ ಕೈಗುಣ ಚಲೋ ಐತಿ, ಅವರನ್ನ ಕರಿಸ್ಕೋ" ಎಂದು ಬೈಕ್ ಹತ್ತಿದೆ.

ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಆ ಮೂರು ವಾರದಲ್ಲಿ ಒಂದು ಕುರಿಯೂ ಸಾಯಲಿಲ್ಲ. ಇದನ್ನು ನನಗೆ ಹೇಳಿದವನು ಅವಳ ಅಣ್ಣ ಬಾಬು. ತನ್ನ ಎಮ್ಮೆಗೆ ಔಷಧ ಕೇಳಲು ಬಂದವನು, ಉಳಿದ ಕುರಿಗಳನ್ನು ಅಥಣಿ ಸಂತೆಗೆ ಒಯ್ದು ಮಾರಿಸುತ್ತೇನೆ, ತಂಗಿ ಇನ್ನು ತನ್ನ ಮನೆಯಲ್ಲೇ ಇರಲಿ ಎಂದ. ಕೆಟ್ಟ ಮನುಷ್ಯನಲ್ಲ, ತಂಗಿಯ ಒದ್ದಾಟ ನೋಡಲಾಗದೆ ಹಾಗೆ ಹೇಳುತ್ತಿದ್ದ. ಆದರೆ ಅಕ್ಕಾತಾಯಿ ಅವನಿಗೆ ಏನು ಹೇಳಿದ್ದಳು ಎನ್ನುವುದನ್ನೂ ಅವನೇ ನಗುತ್ತ ತಿಳಿಸಿದ: "ನಿನ್ನ ಮನ್ಯಾಗ ಉಂಡ್ರ ನಿನ್ನ ಹೇಂತಿ ಮುಖಾ ನೋಡ್ಕೋಂತ ಉಣಬೇಕಾಗ್ತೈತಿ. ಈ ಕುರಿ ಇರೂ ಮಟಾ ನಾ ಯಾರ ಬಾಗಲಾನೂ ಕಾಯಾಂಗಿಲ್ಲ, ಅಂತಾಳ್ರಿ."

ಅಣ್ಣನ ಹಟವೇ ಗೆದ್ದಿತು. ಮುಂದಿನ ಸಂತೆಯ ದಿನ ಬೆಳಿಗ್ಗೆ ಹನ್ನೊಂದನ್ನೂ ಟೆಂಪೋಗೆ ಎತ್ತಿಹಾಕಿ ಒಯ್ದರು. ಸಂತೆಯಲ್ಲಿ ಒಂದು ಕುರಿ ಕೆಂಪಗೆ ಮೂತ್ರ ಮಾಡಿದ್ದನ್ನು ಕಂಡು ವ್ಯಾಪಾರಿಗಳು ಯಾವುದನ್ನೂ ಮುಟ್ಟಲಿಲ್ಲ. ಹೋದ ಟೆಂಪೋದಲ್ಲೇ ಎಲ್ಲ ವಾಪಸು ಬಂದವು. ಎರಡು ದಿನದಲ್ಲಿ ಎರಡು ಸತ್ತವು.

ಸುದ್ದಿ ಕೇಳಿದಾಗ ಮೊದಲು ನನಗಾದದ್ದು ಸಮಾಧಾನ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈ ಸಲ ನಾನು ಮುಟ್ಟಿರಲಿಲ್ಲ, ಸೂಜಿಯೂ ಇರಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಆ ಸಮಾಧಾನ ಒಂದು ಪ್ರಶ್ನೆಯಾಗಿ ತಿರುಗಿ ಬಂತು. ನಾನಿಲ್ಲದೆಯೂ ಸತ್ತವು ಎಂದರೆ ನಾನೂ ಟೆಂಪೋದವರೂ ಮಾಡಿದ ಒಂದೇ ಕೆಲಸ ಯಾವುದು? ಹಿಡಿದದ್ದು, ಎಳೆದದ್ದು, ಬೆದರಿಸಿದ್ದು. ಅಕ್ಕಾತಾಯಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅನ್ನ ಅರ್ಧಕ್ಕೇ ಬಿಟ್ಟು ಎದ್ದೆ.

ನನ್ನ ಜೊತೆ ಓದಿದ ಗೆಳೆಯನೊಬ್ಬ ರೋಗನಿದಾನ ಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ಅವನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ. ಮೂತ್ರಪಿಂಡದ ಬಣ್ಣ ಯಾವುದು? ಅದೇ ದೊಡ್ಡಿಯ ಆಡುಗಳಿಗೆ ಏನಾಗಿದೆ? ನೀಲಿಗಪ್ಪು ಎಂದೆ. ಆಡುಗಳಿಗೆ ಏನೂ ಆಗಿಲ್ಲ ಎಂದೆ.

"ದ್ರಾಕ್ಷಿ ಊರಾಗ ಕುಂತು ನಿನಗ ತಾಮ್ರ ನೆನಪಾಗಲಿಲ್ಲೇನೋ?" ಎಂದ.

ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕುವುದರಲ್ಲಿ ಬಹಳ ಹಿಂದೆ. ತಿಂದದ್ದನ್ನೆಲ್ಲ ಕೂಡಿಡುತ್ತ ಹೋಗುತ್ತದೆ. ವಾರಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಗಾಬರಿಯೋ ದಣಿವೋ ಹಸಿವೋ ಆದರೆ ಸಾಕು, ಕೂಡಿಟ್ಟದ್ದು ಒಮ್ಮೆಲೇ ರಕ್ತಕ್ಕೆ ನುಗ್ಗಿ ಕೆಂಪು ಕಣಗಳನ್ನು ಒಡೆದುಹಾಕುತ್ತದೆ. ಆಡು ಅಷ್ಟೇ ತಿಂದರೂ ತಾಳಿಕೊಳ್ಳುತ್ತದೆ. ಇದು ನಮ್ಮ ಎರಡನೆಯ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ ಕೂಡ.

ಅಂದೇ ಸಂಜೆ ದೊಡ್ಡಿಗೆ ಹೋದೆ. ಅಕ್ಕಾತಾಯಿ ನನ್ನನ್ನು ಕಂಡು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬರುವುದಿಲ್ಲ, ಏನು ಹಾಕುತ್ತೀ ಅಷ್ಟು ತೋರಿಸು ಎಂದೆ. ದೊಡ್ಡಿಯ ಹಿಂದೆ ತಗಡಿನ ಕೆಳಗೆ ಒಣಗಿದ ದ್ರಾಕ್ಷಿ ಎಲೆಗಳ ದೊಡ್ಡ ಬಣವೆ ಇತ್ತು. ಅಕ್ಟೋಬರ್‌ನಲ್ಲಿ ಬಳ್ಳಿ ಸವರುವ ಚಾಟಣಿಯ ಕೆಲಸಕ್ಕೆ ತೋಟಗಳಿಗೆ ಹೋದಾಗ ಹೊತ್ತು ತಂದು ಒಣಗಿಸಿದ್ದಳು. ಮಳೆಗಾಲದುದ್ದಕ್ಕೂ ಬೂಜುರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಹೊಡೆಸಿಕೊಂಡ ಎಲೆಗಳು ಅವು. ಮೈಲುತುತ್ತ ಎಂದರೆ ತಾಮ್ರವೇ. ಪ್ರತಿ ಎಲೆಯ ಮೇಲೂ ತಿಳಿನೀಲಿ ಕಲೆ ಇತ್ತು.

"ಈ ನೀಲಿ ಕಂಡಿದ್ದಿಲ್ಲೇನವಾ?" ಎಂದೆ.

"ಕಂಡೀನ್ರಿ. ನೀಲಿ ಹತ್ತಿದ್ದನ್ನ ಆರಿಸಿ ತಂದೀನಿ. ಅದು ಔಷಧ ಅಲ್ಲೇನ್ರಿ? ಗೊರಸು ಕೊಳತಾಗ ಮೋರಚೂದದ ನೀರಾಗ ಕಾಲ ಅದ್ದು ಅಂತ ನೀವ ಹೇಳಿದ್ರಿ."

ಹೇಳಿದ್ದು ನಿಜ. ಮೋರಚೂದ ಎಂದರೆ ಇದೇ ಮೈಲುತುತ್ತ. ಗೊರಸಿಗೆ ಔಷಧವಾದದ್ದು ಹೊಟ್ಟೆಗೆ ವಿಷ ಎಂದು ಮಾತ್ರ ಹೇಳಿರಲಿಲ್ಲ. ಅವಳು ಎಲೆ ಹಿಡಿದ ತನ್ನ ಕೈಗಳನ್ನೇ ನೋಡುತ್ತ ನೆಲದ ಮೇಲೆ ಕೂತುಬಿಟ್ಟಳು. "ನಾನ ಕೈಯಾರೆ ವಿಷಾ ಹಾಕಿ ಕೊಂದ್ನಿ" ಎಂದು ಅತ್ತಳು.

ಅವಳ ಹಿಂದೆ ಗೂಟಕ್ಕೆ ನಾನು ಕೊಟ್ಟ ಖನಿಜ ಮಿಶ್ರಣದ ಪಾಕೀಟು ನೇತಾಡುತ್ತಿತ್ತು. ಅದು ದನಗಳಿಗೆಂದು ತಯಾರಾದದ್ದು. ದನಕ್ಕೆ ಬೇಕಾದಷ್ಟು ತಾಮ್ರ ಅದರಲ್ಲಿರುತ್ತದೆ, ಕುರಿಗೆ ಅದು ವಿಪರೀತ. ಎಲೆಯಿಂದ ಆಗಲೇ ತುಂಬಿಹೋಗಿದ್ದ ಕುರಿಗಳಿಗೆ ನಾನು ಮೇಲಿಂದ ತಾಮ್ರ ತಿನ್ನಿಸಿದ್ದೆ. ಎಲೆಯ ಹಾಗೆ ಇನ್ನು ಇದೂ ಬೇಡ ಎಂದಷ್ಟೇ ಹೇಳಿ ಪಾಕೀಟನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಎಂದು ಹೇಳಲಿಲ್ಲ.

ಇದಕ್ಕೆ ಮದ್ದು ಅಮೋನಿಯಂ ಮಾಲಿಬ್ಡೇಟ್ ಮತ್ತು ಸೋಡಿಯಂ ಸಲ್ಫೇಟ್. ಎರಡೂ ಸೇರಿ ತಾಮ್ರವನ್ನು ಕಟ್ಟಿ ಹೊರಗೆ ಸಾಗಿಸುತ್ತವೆ. ಇಲಾಖೆಗೆ ಬರೆದರೆ ಇದು ಔಷಧಗಳ ಪಟ್ಟಿಯಲ್ಲಿ ಇಲ್ಲ ಎಂಬ ಉತ್ತರ ಬಂತು. ಕೊನೆಗೆ ಪರಿಚಯದ ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರನ್ನು ಕಾಡಿ ಬೇಡಿ ತಂದೆ. ಈಗ ಇನ್ನೊಂದು ತೊಡಕು. ಹಿಡಿದು ಕುಡಿಸಲು ಹೋದರೆ ಆ ಗಾಬರಿಗೇ ಸಾಯುತ್ತವೆ. ಅಕ್ಕಾತಾಯಿ ಇದನ್ನು ಕೇಳಿ ಮುಂದೆ ಬಂದಳು.

"ನೀವ್ ಹೊರಗ ನಿಲ್ರಿ. ನಾ ತಿನ್ನಸ್ತೀನಿ."

ಒಂದು ಕುರಿಗೆ ದಿನಕ್ಕೆ ಮಾಲಿಬ್ಡೇಟ್ ನೂರು ಮಿಲಿಗ್ರಾಂ, ಸಲ್ಫೇಟ್ ಒಂದು ಗ್ರಾಂನಂತೆ ನಾನು ಪುಡಿ ಕಟ್ಟಿ ಕೊಟ್ಟೆ. ಅವಳು ಅದನ್ನು ಜೋಳದ ಹಿಟ್ಟಿನಲ್ಲಿ ನಾದಿ, ಬೆಲ್ಲ ಹಚ್ಚಿ, ಒಂದೊಂದನ್ನೂ ಹೆಸರು ಹಿಡಿದು ಕರೆದು ಅಂಗೈಯಿಂದ ತಿನ್ನಿಸಿದಳು. ಐದು ವಾರ ನಾನು ತಂತಿಯ ಹೊರಗೆ ನಿಂತು ಮೂತ್ರದ ಬಣ್ಣ ನೋಡಿ ಬರೆದುಕೊಂಡೆ, ಅಷ್ಟೇ ನನ್ನ ಕೆಲಸ. ಮೊದಲ ವಾರದಲ್ಲೇ ಎರಡು ಹೋದವು. ಅವುಗಳ ಯಕೃತ್ತು ಆಗಲೇ ಕೆಟ್ಟಿತ್ತು. ಏಳು ಉಳಿದವು.

ಮೊದಲು ಸತ್ತ ಏಳು ಕುರಿಗಳಿಗೆ ತಿಂಗಳ ವರದಿಯಲ್ಲಿ ನಾನು ಉಣುಗಿನ ಜ್ವರ ಎಂದು ಬರೆದಿದ್ದೆ. ತಿದ್ದಿ, ತಾಮ್ರದ ವಿಷ ಎಂದು ಕಾರಣ ಸಮೇತ ಬರೆದು ಕಳಿಸಿದೆ. ಒಪ್ಪಿಸಿದ ವರದಿಯಲ್ಲಿ ಬದಲಾವಣೆಗೆ ಅವಕಾಶವಿಲ್ಲ ಎಂದು ಪತ್ರ ವಾಪಸು ಬಂತು. ಮುಂದಿನ ಚಾಟಣಿಗೆ ಮುಂಚೆ ನಾನೇ ತೋಟ ತೋಟಕ್ಕೆ ಹೋಗಿ, ಈ ಎಲೆ ಕುರಿಗೆ ಹಾಕಬೇಡಿ ಎಂದು ಹೇಳಿ ಬಂದೆ. ಒಬ್ಬ ತೋಟದವನು, ಹಂಗಂದ್ರ ನಮ್ಮ ದ್ರಾಕ್ಷಿ ಯಾರ್ ತಿಂತಾರ್ರಿ ಎಂದು ನನ್ನ ಮೇಲೇ ಜಗಳಕ್ಕೆ ಬಂದ. ಮಳೆಗಾಲದ ಔಷಧ ಕುಡಿದ ಎಲೆಯನ್ನು ಸವರಿ ತೆಗೆದ ಮೇಲೆಯೇ ಕಾಯಿ ಬಿಡುತ್ತದೆ ಎಂದು ಅವನಿಗೆ ತಿಳಿಸುವಷ್ಟರಲ್ಲಿ ಸಾಕುಸಾಕಾಗಿತ್ತು.

ನಿವೃತ್ತಿಯ ತಿಂಗಳಲ್ಲಿ ಕೊನೆಯ ಸಲ ಆ ದೊಡ್ಡಿಗೆ ಹೋದೆ. ಮರಿ ಸೇರಿ ಹದಿಮೂರಾಗಿದ್ದವು. ಬಾಬು ಸಂತೆಯ ಮಾತು ಬಿಟ್ಟಿದ್ದ. ಅಕ್ಕಾತಾಯಿ ಕುರಿಗಳನ್ನು ಒಂದೊಂದಾಗಿ ತಂತಿಯ ಹತ್ತಿರ ಕರೆದಳು, ನಾನು ಹೊರಗೆ ನಿಂತೇ ಲಸಿಕೆ ಚುಚ್ಚಿದೆ. ಒಂದೂ ಓಡಲಿಲ್ಲ. ಎಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಹೇಳಿದೆ: ಕೊಂದದ್ದು ನಿನ್ನ ಎಲೆ ಒಂದೇ ಅಲ್ಲವಾ, ನಾನು ಕೊಟ್ಟ ಆ ಪುಡಿಯಲ್ಲೂ ತಾಮ್ರ ಇತ್ತು, ನಿನ್ನೊಬ್ಬಳ ತಪ್ಪಲ್ಲ.

ಅವಳು ಪಕ್ಕದಲ್ಲಿದ್ದ ಕುರಿಯ ಬೆನ್ನು ಸವರಿದಳು.

"ಆ ಪಾಕೀಟಿನ ಮ್ಯಾಲ ಆಕಳ ಚಿತ್ರ ಇತ್ರಿ. ಕುರೀಗೆ ನಡೀತೈತೇನು ಅಂತ ಅವತ್ತ ಕೇಳಬೇಕಂತ ಮಾಡಿದ್ನಿ. ನೀವ್ ಸಿಟ್ಟಿಗೇಳ್ತಿದ್ರಿ."

ನಮ್ಮ ವೃತ್ತಿಯಲ್ಲಿ ರೋಗಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡುವವರು ಸಾಕಿದವರು ಮಾತ್ರ. ಅವರು ನಮ್ಮನ್ನು ಕೇಳಲು ಹೆದರಬಾರದು, ಹೆದರುವಂತೆ ನಾವು ನಡೆದುಕೊಳ್ಳಬಾರದು. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು, ಹನ್ನೊಂದು ಕುರಿಗಳು ಬೇಕಾದವು. ಆ ಮೂವತ್ತೊಂದು ವರ್ಷಗಳಲ್ಲಿ ಇನ್ನೂ ಎಷ್ಟು ಕೊಟ್ಟಿಗೆಗಳಲ್ಲಿ ಎಷ್ಟು ಜನ ಕೇಳಬೇಕೆಂದುಕೊಂಡು ನನ್ನ ಮುಖ ನೋಡಿ ಸುಮ್ಮನಾದರೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ಈಗ ದಾರಿಯೂ ಇಲ್ಲ.