ಮೂರು ಸಲ ಕೂಗಿದ ನನ್ನ ಹೆಸರು

ದೆವ್ವ, ಅಶರೀರವಾಣಿ ಇಂಥವನ್ನೆಲ್ಲ ನಾನು ನಂಬಿದವನಲ್ಲ. ವಕೀಲ ನಾನು, ಎದುರಿಗೆ ನಿಂತು ಪ್ರಮಾಣ ಮಾಡಿದವರನ್ನೇ ನಂಬುವುದಿಲ್ಲ, ಕಣ್ಣಿಗೆ ಕಾಣದವರನ್ನು ನಂಬುವುದು ಎಲ್ಲಿಂದ ಬಂತು? ಆದರೆ ಹೆದರುತ್ತೇನೆ. ಕುರುಗೋಡಿನಿಂದ ಬಳ್ಳಾರಿ ಕೋರ್ಟಿಗೆ ಹೊರಟವನು, ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಪೈಕಿ.

ಇಂಥ ನಾನು ಕೆಲವು ವರ್ಷಗಳ ಹಿಂದೆ ಕುರುಗೋಡು ಪುರಸಭೆಗೆ ವಿರೋಧ ಪಕ್ಷದಿಂದ ನಾಮಪತ್ರ ಹಾಕಿದ್ದೆ. ಆಳುವವರ ಕಡೆಯವರು ನಮ್ಮ ಓಣಿಯ ನೀರಿನ ಟಾಕಿಯ ದಾರಿಗೆ ಬೇಲಿ ಹಾಕಿಕೊಂಡಿದ್ದರು. ಓಣಿಯವರ ಪರವಾಗಿ ಕೇಸು ಗೆದ್ದೆ. ಪುರಸಭೆಯವರು ತೆಗೆಸಲಿಲ್ಲ, ಬೇಲಿ ಹಾಗೇ ಇತ್ತು. ಕೋರ್ಟಿನಲ್ಲಿ ಗೆದ್ದದ್ದು ಓಣಿಗೆ ಮುಟ್ಟಬೇಕಾದರೆ ಪುರಸಭೆಯೊಳಗೇ ಕೂರಬೇಕು ಅನ್ನಿಸಿತು. ಆಮೇಲೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ನಾಮಪತ್ರ ವಾಪಸು ಪಡೆಯುವ ಕೊನೆಯ ದಿನ ಸಿರಿಗೇರಿಯಿಂದ ಸೋದರಮಾವ ಬಂದ. "ಅವರ ಕೂಡ ಯಾಕ ಬೇಕಲೇ ನಿನಗ? ಜಡ್ಜು ಕೆಮ್ಮಿದ್ರ ವಾಯಿದಾ ಕೇಳಾವ ನೀನು. ಸುಮ್ನ ಸಹಿ ಹಾಕಿ ಬಾ," ಎಂದ.

ನನಗೂ ಬೇಕಾದದ್ದು ಅದೇ. ಕೇಳಿದವರಿಗೆ ಬಿಪಿ ಎಂದು ನೆಪ ಹೇಳಿದರಾಯಿತು ಎಂದೆ. ಹೆಂಡತಿ ಮಾತ್ರ, "ಹೆದರಿಕಿ ಆಗೈತಿ ಅಂತ ಹೇಳ್ರಿ. ಬಿಪಿ ಐತಿ ಅಂತ ಊರಿಗೆಲ್ಲ ಹೇಳಬ್ಯಾಡ್ರಿ," ಎಂದಳು.

ಮಧ್ಯಾಹ್ನದ ಬಿಸಿಲು. ಪುರಸಭೆ ಕಚೇರಿ ಎದುರಿನ ಚಹಾದಂಗಡಿಯಲ್ಲಿ ಮಾವನ ಪಕ್ಕ ಕೂತು, ವಾಪಸಾತಿ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಆಗ ಕಚೇರಿಯ ಪಡಸಾಲೆಯಿಂದ ಯಾರೋ ಕೂಗಿದರು. ಕೋರ್ಟಿನಲ್ಲಿ ಜವಾನ ಬಾಗಿಲಿಗೆ ಬಂದು ಕಕ್ಷಿದಾರರನ್ನು ಕೂಗುತ್ತಾನಲ್ಲ, ಅದೇ ಧಾಟಿ: ನನ್ನ ಹೆಸರು, ಬಿನ್, ನಮ್ಮಪ್ಪನ ಹೆಸರು. ಮೂರು ಸಲ. ಮೂರನೆಯ ಕೂಗಿಗೂ ಓಗೊಡದಿದ್ದರೆ ಕೇಸು ಹೋದಂತೆಯೇ. ಬೇರೆಯವರ ಹೆಸರು ಕೇಳಿ ಓಡಿ ರೂಢಿಯಾದ ಕಾಲು ತಾನಾಗಿಯೇ ಎದ್ದು ನಿಂತಿತು. "ಹಾಜರ್ ಅದೀನ್ರಿ," ಎಂದು ಗಟ್ಟಿಯಾಗಿ ಅಂದುಬಿಟ್ಟೆ.

"ಯಾರಿಗಲೇ?" ಎಂದ ಮಾವ. ಅವನಿಗೆ ಏನೂ ಕೇಳಿಸಿರಲಿಲ್ಲ.

"ನಿಮ್ಮನ್ನ ಅಲ್ಲೇನ್ರಿ ವಕೀಲ್ರ ಕರದಿದ್ದು? ಲಗೂನ ಹೋಗ್ರಿ," ಎಂದಳು ಚಹಾದಂಗಡಿಯಾಕೆ.

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಒಳಗಿದ್ದ ಚುನಾವಣಾಧಿಕಾರಿ, "ಇಲ್ಲಿ ಯಾರನ್ನೂ ಕೂಗೋದಿಲ್ರಿ ಸಾರ್. ವಾಪಸ್ ತಗೋತೀರೇನು?" ಎಂದು ಕೇಳಿದರು. "ಇಲ್ರಿ," ಎಂದೆ. ಸಹಿಯಿಲ್ಲದ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಚುನಾವಣೆ ಸೋತೆ. ಬಿಸಿಲಿನ ಭ್ರಮೆ ಎನ್ನೋಣವೆಂದರೆ ಚಹಾದಂಗಡಿಯಾಕೆಗೂ ಕೇಳಿತ್ತಲ್ಲ? ಕಿವಿ ತೋರಿಸಿಕೋ ಎಂದು ಮಾವ ಇಂದಿಗೂ ಅನ್ನುತ್ತಾನೆ. ತೋರಿಸಿದ್ದೂ ಆಯಿತು, ಕಿವಿ ಚೆನ್ನಾಗಿದೆ. ಯಾರು ಕೂಗಿದರೋ ನನಗೆ ಈಗಲೂ ತಿಳಿಯದು. ಬೇಲಿ ಇನ್ನೂ ಅಲ್ಲೇ ಇದೆ. ಈ ಸಲದ ಚುನಾವಣೆಗೂ ನಿಲ್ಲುತ್ತಿದ್ದೇನೆ. ಕೂಗಿದವರು ಯಾರೇ ಇರಲಿ, ಹಾಜರ್ ಅಂದವನು ನಾನು.