ಟವೆಲ್ ಹಾಸಿಟ್ಟ ಜಾಗ

ಹೋದ ವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ಬೋಗಿಯ ತುಂಬ ಊದುಬತ್ತಿಯ ಹೊಗೆ. ಯಾರೋ ಕಿಟಕಿಯ ಕಂಬಿಗೆ ಒಂದು ಕಡ್ಡಿ ಸಿಕ್ಕಿಸಿದ್ದರು. ಅದರ ಜೊತೆಗೆ ಬ್ರೇಕು ಹಿಡಿದಾಗ ಏಳುವ ಸುಟ್ಟ ಕಬ್ಬಿಣದ ವಾಸನೆ, ಬಾಗಿಲ ಹತ್ತಿರ ಇಟ್ಟ ಹೂವಿನ ಬುಟ್ಟಿಗಳ ಒದ್ದೆ ವಾಸನೆ... ಮೂರೂ ಸೇರಿದ್ದೇ ತಡ, ಭಜನೆ ಮಾಮ ನೆನಪಾದರು. ಇಷ್ಟು ವರ್ಷಗಳಾದರೂ ನನ್ನ ಕಣ್ಣು ಸೀಟಿನ ಮೇಲೆ ಟವೆಲ್ ಹುಡುಕಿತು.

ನಾನು ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯವಳು, ಅಂದರೆ ಗಣಿ ಕೂಲಿಗಳ ಸಾಲು ಮನೆ. ಅಪ್ಪ, ಅಮ್ಮ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಓದಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ ಅದು. ಮೂರು ವರ್ಷ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿ ಬಂದೆ. ಊರಿಗಾಂನಲ್ಲಿ ನಾನು ಹತ್ತುವ ಹೊತ್ತಿಗೆ ಬೋಗಿ ತುಂಬಿರುತ್ತಿತ್ತು. ಆದರೂ ನಿಂತು ಪ್ರಯಾಣ ಮಾಡಿದ ದಿನ ಕಡಿಮೆ. ರೈಲು ಹೊರಡುವ ಮಾರಿಕುಪ್ಪದಲ್ಲೇ ಭಜನೆ ಮಾಮ ಹತ್ತಿ, ಮುಂದೆ ಬರುವವರಿಗಾಗಿ ಸೀಟುಗಳ ಮೇಲೆ ಟವೆಲ್ ಹಾಸಿಡುತ್ತಿದ್ದರು. ನಮ್ಮ ರೈಲಿನಲ್ಲಿ ಟವೆಲ್ ಹಾಸಿದ ಸೀಟು ಖಾಲಿ ಸೀಟಲ್ಲ. ಅದರವರು ಬರುತ್ತಿದ್ದಾರೆ ಎಂದೇ ಲೆಕ್ಕ.

"ಬಾ ಕಾಲೇಜಮ್ಮ, ಕುಂತ್ಕೊಂಡು ಓದು. ನಮ್ಮ ಬೋಗಿ ಮರ್ವಾದೆ ನಿನ್ನ ಕೈಯಾಗೈತೆ" ಅನ್ನುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಅವರು ಬೆಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದರು. ರೈಲು ಬಂಗಾರಪೇಟೆ ದಾಟಿತೆಂದರೆ ಊಟದ ಡಬ್ಬಿಯ ಮುಚ್ಚಳ ತೆಗೆದು ತಾಳ ಹಿಡಿಯುವರು. ಇಂಪಾದ ದನಿಯೇನಲ್ಲ, ಗಣಿಯ ಧೂಳು ಕುಡಿದ ಗಂಟಲು. ಆದರೆ ಗಾಲಿಗಳ ಸದ್ದಿನ ಮೇಲೆ ಆ ದನಿ ಏರಿದರೆ ತೂಕಡಿಸುವವರೂ ಎದ್ದು ಕೂರುತ್ತಿದ್ದರು. ಹಾಡು ಅವರೇ ಕಟ್ಟಿದ್ದು. "ನಿನ್ನ ಬಾಗಿಲಿಗೆ ಬಂದೋರು ಯಾರೋ..." ಎಂದು ಎಳೆದು ಅಲ್ಲಿಗೇ ಬಿಟ್ಟುಬಿಡುವರು. ಇಡೀ ಬೋಗಿ, "ನಾವೇ ಸ್ವಾಮಿ ನಾವೇ!" ಎಂದು ಎತ್ತಿಕೊಳ್ಳುತ್ತಿತ್ತು. ಎದುರಿಗೆ ಯಾರಿದ್ದಾರೋ ನೋಡಿ ಮುಂದಿನ ಸಾಲು ಹುಟ್ಟುತ್ತಿತ್ತು. ಹೂವಿನಕ್ಕ ಕಂಡರೆ, "ಊವ ಕಟ್ಟಿ ತಂದೋರು ಯಾರೋ..." ಗಾರೆ ಕೆಲಸದವರು ಕಂಡರೆ, "ಊರೋರ್ ಮನೆ ಕಟ್ಟೋರು ಯಾರೋ..." ಎಲ್ಲದಕ್ಕೂ ಉತ್ತರ ಒಂದೇ. ಅದನ್ನು ಕೂಗುವಾಗ ತೆಲುಗಿನವರು, ತಮಿಳಿನವರು, ನಾವು, ಯಾರಿಗೂ ಬೇರೆ ಭಾಷೆ ಬೇಕಿರಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಅವರ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುವುದು ಅನುಮಾನ ಎಂದರಂತೆ ಡಾಕ್ಟರು. ಅವರಿಗೆ ಒಬ್ಬಳೇ ಮಗಳು. ಕೃಷ್ಣಗಿರಿ ಕಡೆಗೆ ಮದುವೆಯಾಗಿ ಹೋಗಿ ಆಗ ತುಂಬು ಬಸುರಿ. "ಉಟ್ಟೋ ಮಗೀಗೆ ತಾತನ ಗಂಟ್ಲು ಎಂಗಿತ್ತು ಅಂತ ಕೇಳಿಸ್ಬೇಕಲ್ಲಮ್ಮಾ" ಎಂದರು. ಸ್ಟುಡಿಯೋದಲ್ಲಿ ಹಾಡಿಸಿ ಇಟ್ಟುಕೊಳ್ಳೋಣ ಎಂದು ಬೋಗಿಯವರೆಲ್ಲ ತೀರ್ಮಾನಿಸಿದರು. ಅಲ್ಲಿ ಮಾತಾಡಲು ಓದಿದವಳು ಇರಲಿ ಎಂದು ನನ್ನನ್ನು ಜೊತೆಗೆ ಕಳಿಸಿದರು.

ರಾಬರ್ಟ್‌ಸನ್‌ಪೇಟೆಯಲ್ಲಿ ಮಹಡಿಯ ಮೇಲೊಂದು ಸಣ್ಣ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು. ನಮ್ಮ ಕೆಮ್ಮು ಕೂಡ ಹುಟ್ಟಿದಲ್ಲೇ ಸಾಯುತ್ತಿತ್ತು. ಮಾಮ ಇಸ್ತ್ರಿ ಅಂಗಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಾಜಿನ ಆಚೆ ನಿಂತರು. "ನಿನ್ನ ಬಾಗಿಲಿಗೆ ಬಂದೋರು ಯಾರೋ..." ಎಂದು ಹಾಡಿ ನಿಲ್ಲಿಸಿದರು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಹಾಗೇ ನಿಂತಿತ್ತು.

"ಯಾಕೆ ಯಜಮಾನ್ರೇ ನಿಲ್ಲಿಸಿದ್ರಿ?" ಎಂದ ಸ್ಟುಡಿಯೋದವನು.

"ಅವ್ರು ಆಡ್ಬೇಕಲ್ಲಪ್ಪಾ."

"ಯಾರು?"

ಮಾಮ ಗಾಜಿನ ಈಚೆ ನೋಡಿದರು. ಇದ್ದವಳು ನಾನೊಬ್ಬಳೇ.

ಮತ್ತೆ ಹಾಡಿದರು, ಮತ್ತೆ ಅದೇ ಜಾಗದಲ್ಲಿ ನಿಂತರು. ಆ ಸಾಲನ್ನೂ ನೀವೇ ಹಾಡಿಬಿಡಿ ಎಂದರೆ ಒಲ್ಲೆನೆಂದು ತಲೆಯಾಡಿಸಿದರು. ಸ್ಟುಡಿಯೋದವನು ಒಳ್ಳೆಯವನೇ. "ಪರವಾಗಿಲ್ಲ ಬಿಡಿ, ಖಾಲಿ ಇರೋದನ್ನೆಲ್ಲ ಕತ್ತರಿಸಿ ಕೂಡಿಸ್ತೀನಿ, ನೀಟಾಗಿ ಬರುತ್ತೆ" ಎಂದ. ಮಾಮ ಗಾಬರಿಯಿಂದ ಹೊರಗೆ ಬಂದರು.

"ಕತ್ತರಿಸ್ಬೇಡಪ್ಪಾ! ಅದು ಖಾಲಿ ಅಲ್ಲ. ಟವೆಲ್ ಆಕಿ ಮಡಗಿವ್ನಿ ಕಣಪ್ಪ, ಅದು ಅವ್ರ ಜಾಗ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಕತ್ತರಿಸಲಿಲ್ಲ. ಒಮ್ಮೆ ಕೇಳಿಸಿದ. ಮಾತು ಮಾತೂ ಸ್ಪಷ್ಟ, ತಾಳ ಸರಿ, ಉಸಿರು ಕೂಡ ಕೇಳಿಸುತ್ತಿತ್ತು. ಆದರೆ ಬೆಳಿಗ್ಗೆ ಬೆಳಿಗ್ಗೆ ನನ್ನ ಮೈ ಜುಮ್ಮೆನಿಸುತ್ತಿದ್ದ ಹಾಡು ಅದಾಗಿರಲಿಲ್ಲ. ಮಾಮ ಕೊನೆಯವರೆಗೂ ಕೇಳಿ ನಕ್ಕರು. "ಇದ್ಯಾವನಮ್ಮಾ, ಗಣಿ ಶಾಫ್ಟ್ ಒಳ್ಗೆ ಒಬ್ಬನೇ ಸಿಕ್ಕಾಕೊಂಡು ಕೂಗ್ದಂಗೈತೆ!" ನಾನೂ ನಕ್ಕೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಕೊನೆಯ ಬಾರಿ ಕೆಲಸಕ್ಕೆ ಹೊರಟರು. ನಾನು ಪಾಸಾಗಿದ್ದೆ, ಅಂಕಪಟ್ಟಿ ತರಲು ಹೊರಟಿದ್ದೆ. ಅಂದು ಮಾಮ ಬಂಗಾರಪೇಟೆಗೂ ಕಾಯಲಿಲ್ಲ. ನಾನು ಹತ್ತಿ ಕೂತ ಕೂಡಲೇ ಮುಚ್ಚಳ ತೆಗೆದರು. ದನಿ ಆಗಲೇ ಒಡೆದಿತ್ತು, ಎರಡು ಕಡೆ ಹಾರಿಯೇ ಹೋಯಿತು. ಹಾರಿದಲ್ಲಿ ಬೋಗಿ ಹಿಡಿದುಕೊಂಡಿತು. ಯಾರೋ ಒಬ್ಬ ಮೊಬೈಲ್ ಎತ್ತಿ ಹಿಡಿದ. ಹೂವಿನಕ್ಕ ಅವನ ಕೈ ಮೇಲೆ ಒಂದೇಟು ಹಾಕಿ, "ಮಡಗ್ಲಾ ಅದನ್ನ! ಕೈ ಎತ್ತಿದ್ದು ಸಾಕು, ಬಾಯಿ ಎತ್ತು" ಅಂದಳು. ಅವನು ನಾಚಿಕೊಂಡು ಜೇಬಿಗೆ ಇಟ್ಟ. ಆಗ ಮಾಮ ನನ್ನ ಕಡೆ ತಿರುಗಿದರು.

"ಡಿಗ್ರಿ ಪಾಸು ಮಾಡ್ದೋರು ಯಾರೋ..."

"ನಾವೇ ಸ್ವಾಮಿ ನಾವೇ!"

ಸಹಿ ಹಾಕಲು ಬಾರದ ಎಷ್ಟೋ ಜನ ಎದೆ ಬಿಚ್ಚಿ ಕೂಗಿದರು. ಕಾಲೇಜಿನಲ್ಲಿ ಕೈಗೆ ಕೊಟ್ಟಿದ್ದು ಬರೀ ಕಾಗದ. ನನಗೆ ಡಿಗ್ರಿ ಸಿಕ್ಕಿದ್ದು ಆ ಬೋಗಿಯಲ್ಲಿ. ಅದು ಯಾವ ಫೋನಿನಲ್ಲೂ ಉಳಿದಿಲ್ಲ...

ಆಪರೇಷನ್ ಆಗಿ ಮಾಮನ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕೆಲವು ತಿಂಗಳು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದು, ಸೀಟು ಹಿಡಿದು, ತಾಳ ಹಾಕಿದರು. ಬೇರೆಯವರು ಹಾಡಿದರು. ಆಮೇಲೆ ಬರುವುದು ನಿಂತಿತು. ಆಮೇಲೆ ಅವರೂ ಹೋದರು. ಮಣ್ಣಿಗೆ ಹೋದ ದಿನ ಅವರ ಮಗಳು ನನ್ನ ಪಕ್ಕ ಕೂತು ಕೇಳಿದಳು: "ಅಕ್ಕಾ, ಅಪ್ಪನ ಆಡು ಮದ್ಯ ಮದ್ಯ ನಿಂತೋಗ್ತದೆ. ರೆಕಾರ್ಡು ಕೆಟ್ಟೋಗೈತಾ?" ಅವಳು ಆ ರೈಲು ಹತ್ತಿದವಳೇ ಅಲ್ಲ. ಕೆಟ್ಟಿಲ್ಲ ಎಂದೆ. ಟವೆಲ್ ವಿಷಯವನ್ನೆಲ್ಲ ಹೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಹೇಳಿ ಕೇಳಿಸುವಂಥದ್ದಲ್ಲ ಅದು.

ಹೋದ ವಾರ ಊದುಬತ್ತಿಯ ವಾಸನೆಗೆ ಆ ಹಾಡನ್ನು ಫೋನಿನಲ್ಲಿ ಹಾಕಿದೆ. ಅಕ್ಕಪಕ್ಕದವರ ಕಿವಿಯಲ್ಲಿ ಅವರವರ ಹಾಡು. ಸ್ಪಂಜಿನ ಗೋಡೆಗಳ ನಡುವಿನಿಂದ ಮಾಮ ಕೇಳಿದರು, "ನಿನ್ನ ಬಾಗಿಲಿಗೆ ಬಂದೋರು ಯಾರೋ..." ಆಮೇಲೆ ಆ ಜಾಗ ಬಂತು. ಗಾಲಿಗಳ ಸದ್ದು ಮಾತ್ರ.

"ನಾವೇ ಸ್ವಾಮಿ ನಾವೇ" ಅಂದೆ, ಸಣ್ಣ ದನಿಯಲ್ಲಿ. ಪಕ್ಕದ ಹೆಂಗಸು ಒಮ್ಮೆ ನನ್ನತ್ತ ನೋಡಿ ಕಿಟಕಿಯ ಕಡೆ ತಿರುಗಿದಳು. ಮಾಮ ಅಷ್ಟು ಜನರಿಗೆಂದು ಹಾಸಿಟ್ಟಿದ್ದ ಜಾಗ, ನಾನೊಬ್ಬಳು ಕೂತರೆ ತುಂಬಲಿಲ್ಲ.